ಒಂಬತ್ತು ಗೋಲಿಗೆ ಅಷ್ಟೊಂದು ಬೆಲೆಯೇ?

ಡೆನ್ಮಾರ್ಕ್‌ನ ರಾಸ್ಮುಸ್ ಹೊಯ್ಲುಂಡ್ ಇಟಲಿಯ ಫುಟ್‌ಬಾಲ್ ಲೀಗ್‌ನಲ್ಲಿ ಆಗ ಹೊಡೆದಿದ್ದದ್ದು ಬರೀ 9 ಗೋಲು. ಆದರೂ 2023ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಅವರನ್ನು ಕೊಳ್ಳಲು ಸುಮಾರು 6.4 ಕೋಟಿ ಪೌಂಡ್ ಕೊಟ್ಟದ್ದೇಕೆ?

ಮಾವಿನ ತೋಪು ಗುತ್ತಿಗೆ ಹಿಡಿಯುವವರು ಹಣ್ಣು ಎಣಿಸುವುದಿಲ್ಲ, ಹೂವು ನೋಡಿಯೇ ಬೆಲೆ ಕಟ್ಟುತ್ತಾರೆ. ಇಲ್ಲೂ ಹಾಗೆಯೇ. ಆಗ ಹೊಯ್ಲುಂಡ್‌ಗೆ ಇಪ್ಪತ್ತೇ ವರ್ಷ. ಎತ್ತರದ ಆಳು, ಮೇಲೆ ಓಟಗಾರನ ವೇಗ. ಸ್ಟ್ರೈಕರ್‌ಗಳಲ್ಲಿ ಇವೆರಡೂ ಕೂಡಿ ಬರುವುದು ಅಪರೂಪ. ಅದೇ ಮಾರ್ಚ್‌ನಲ್ಲಿ ಫಿನ್‌ಲೆಂಡ್ ವಿರುದ್ಧ ಹ್ಯಾಟ್ರಿಕ್ ಬೇರೆ ಹೊಡೆದಿದ್ದರು.

ಈ ಹಣ ಆಟಗಾರನ ಸಂಬಳವಲ್ಲ, ಹಳೆಯ ಕ್ಲಬ್ಬಿನ ಕರಾರು ಬಿಡಿಸುವ ಬೆಲೆ. ಇಟಲಿಯ ಅಟಲಾಂಟಾ ಕ್ಲಬ್ಬಿನೊಂದಿಗಿನ ಕರಾರಿನಲ್ಲಿ ಇನ್ನೂ ಹಲವು ವರ್ಷ ಉಳಿದಿದ್ದವು. ಮಾರುವ ಆತುರ ಆ ಕ್ಲಬ್ಬಿಗಿರಲಿಲ್ಲ. ಕೊಂಡವರು ಲೆಕ್ಕಪತ್ರದಲ್ಲಿ ಇದನ್ನು ಹೊಸ ಕರಾರಿನ ಐದು ವರ್ಷಕ್ಕೆ ಹಂಚುತ್ತಾರೆ, ವರ್ಷಕ್ಕೆ ಸುಮಾರು 1.3 ಕೋಟಿ ಪೌಂಡ್.

ಹೂವೆಲ್ಲ ಕಾಯಾಗುವುದಿಲ್ಲವಲ್ಲ! ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ 5 ಗೋಲು ಹೊಡೆದವರಿಗೆ ಪ್ರೀಮಿಯರ್ ಲೀಗ್‌ನ ಮೊದಲ ಗೋಲು ದಕ್ಕಿದ್ದು ಡಿಸೆಂಬರ್ 26ರಂದು, ಆಸ್ಟನ್ ವಿಲ್ಲಾ ವಿರುದ್ಧ. ಇಪ್ಪತ್ತರ ಹುಡುಗನಿಗೆ ಆ ಕಾಯುವಿಕೆ ಕಠಿಣವೇ. 2025ರಲ್ಲಿ ಎರವಲು ಆಟಗಾರನಾಗಿ ಮತ್ತೆ ಇಟಲಿಗೆ, ನಾಪೋಲಿ ಕ್ಲಬ್ಬಿಗೆ ಹೋದರು.