ಕೆಂಪು ಸ್ಟಿಕ್ಕರ್ ಕೀಳಬೇಡಿ

ಸೀಮಂತದ ಹಿಂದಿನ ದಿನ ಮಧ್ಯಾಹ್ನ ಅಮ್ಮ ಒಳಕೋಣೆಯ ಕಿಟಕಿ ಬಳಿ ತಾಯಿ ಕಾರ್ಡ್ ಹಿಡಿದು ಕೂತಿದ್ದಳು. ಓದುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ, ಹೆಬ್ಬೆರಳ ಉಗುರಿನಿಂದ ಕಾರ್ಡಿನ ಮೇಲಿದ್ದ ಕೆಂಪು ಸ್ಟಿಕ್ಕರನ್ನು ಮೆಲ್ಲಗೆ ಕೆರೆಯುತ್ತಿದ್ದಾಳೆ. ಒಂದು ಮೂಲೆ ಆಗಲೇ ಎದ್ದು ಬಂದಿತ್ತು.

"ನಾಳೆ ನೆಂಟರೆಲ್ಲ ಬರ್ತಾರೆ. ಕೆಂಪು ಚೀಟಿ ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳೋದು ಮಾರಾಯ್ತಿ? ಶುಭಕಾರ್ಯದ ಹೊತ್ತು" ಎಂದಳು.

ಕಾರ್ಡ್ ನನ್ನ ತಮ್ಮನ ಹೆಂಡತಿಯದು. ವಯಸ್ಸು ಮೂವತ್ತಾರು, ಚೊಚ್ಚಲ ಬಸುರಿ, ಮದುವೆಗೆ ಮೊದಲಿಂದಲೂ ಬಿಪಿ. ಅಮ್ಮನ ಮೇಲೆ ಸಿಟ್ಟು ಬಂತು. ಆದರೆ ಬೈಯಲು ಬಾಯಿ ಬರಲಿಲ್ಲ. ಆ ಉಗುರಿನ ಹಿಂದೆ ಎಂಥ ಭಯವಿತ್ತು ಎಂಬುದು ನನಗೆ ಗೊತ್ತು. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಹೆರಿಗೆಯಾದ ಮೂರನೇ ದಿನ ಫಿಟ್ಸ್ ಬಂದು ತೀರಿಕೊಂಡವಳು. ಕಾಲು ಊದಿತ್ತು, ತಲೆನೋವು ಎನ್ನುತ್ತಿದ್ದಳು, ಕಣ್ಣು ಮಂಜು ಎಂದಿದ್ದಳು. ಮನೆಯಲ್ಲಿ ಅದನ್ನು 'ಬಾಣಂತಿ ಸನ್ನಿ' ಎಂದರು. ಗಾಳಿ ಸೋಕಿತು ಎಂದವರೂ ಇದ್ದರು. ಬಿಪಿ ನೋಡಿದವರು ಯಾರೂ ಇರಲಿಲ್ಲ.

ಅಮ್ಮನ ಕೈಯಿಂದ ಕಾರ್ಡ್ ತೆಗೆದುಕೊಂಡು, ಎದ್ದ ಮೂಲೆಗೆ ಗೋಂದು ಹಚ್ಚಿ ಮತ್ತೆ ಅಂಟಿಸಿದೆ.

ಆ ಸ್ಟಿಕ್ಕರ್ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. 2016ರಿಂದ ದೇಶದಾದ್ಯಂತ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಎಂದು ಅದರ ಹೆಸರು. ತೊಂದರೆ ಇಲ್ಲದವರ ಕಾರ್ಡಿಗೆ ಹಸಿರು, ಹೆಚ್ಚು ನಿಗಾ ಬೇಕಾದವರ ಕಾರ್ಡಿಗೆ ಕೆಂಪು. ರಕ್ತ ತೀರಾ ಕಡಿಮೆ ಇರುವುದು, ಬಿಪಿ, ಶುಗರ್, ಥೈರಾಯ್ಡ್, ಹೃದಯದ ತೊಂದರೆ, ಮೂರ್ಛೆರೋಗ, ಅವಳಿ ಮಕ್ಕಳು, ಹಿಂದಿನ ಸಿಸೇರಿಯನ್, ಹಿಂದೆ ಮಗು ಕಳೆದುಕೊಂಡಿರುವುದು, ಕಸ ಗರ್ಭಕೋಶದ ಬಾಯಿಯ ಬಳಿ ಕೂತಿರುವುದು, ತೀರಾ ಎಳೆಯ ವಯಸ್ಸು ಅಥವಾ ಮೂವತ್ತೈದು ದಾಟಿದ ವಯಸ್ಸು ಇವೆಲ್ಲ ಕೆಂಪಿಗೆ ಸೇರುತ್ತವೆ. ಅಪಾಯ ಆಗಿಯೇ ಆಗುತ್ತದೆ ಎಂದು ಅದರ ಅರ್ಥವಲ್ಲ. ನಡುರಾತ್ರಿ ಆಸ್ಪತ್ರೆಗೆ ಓಡಿಬಂದಾಗ ಡ್ಯೂಟಿಯಲ್ಲಿರುವ ನರ್ಸಿಗೆ ಅವಳ ಪರಿಚಯ ಇರುವುದಿಲ್ಲ. ಆ ಕೆಂಪು ಬಣ್ಣ ಕಂಡರೆ ಅರೆಕ್ಷಣದಲ್ಲಿ ವಿಷಯ ತಿಳಿಯುತ್ತದೆ. ಅಷ್ಟಕ್ಕೇ ಅದು ಇರುವುದು.

ನಮ್ಮ ರಾಜ್ಯಕ್ಕೆ ಇದರ ಅಗತ್ಯ ಎಷ್ಟಿದೆ ನೋಡಿ. 2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತರು. ಅದೇ ಅವಧಿಯಲ್ಲಿ ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ನಮ್ಮಲ್ಲಿ ಹೆರಿಗೆಗಳು ಬಹುಪಾಲು ಆಸ್ಪತ್ರೆಯಲ್ಲೇ ಆಗುತ್ತವೆ, ಆದರೂ ಈ ಸ್ಥಿತಿ. ಆಸ್ಪತ್ರೆಯ ಬಾಗಿಲು ತಲುಪಿದರಷ್ಟೇ ಸಾಲದು, ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ ಎಂಬುದೂ ಮುಖ್ಯ.

1994ರಲ್ಲಿ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೈನ್ ಎಂಬ ಇಬ್ಬರು ಸಂಶೋಧಕಿಯರು ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿವೆ ಎಂದು ತೋರಿಸಿದರು. ಹೊರಡೋಣವೇ ಎಂದು ಮನೆಯವರು ತೀರ್ಮಾನಿಸುವಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆ ಸೇರಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಮೂರನೆಯದು ಸರ್ಕಾರದ, ಆಸ್ಪತ್ರೆಗಳ ಹೊಣೆ, ಅದನ್ನು ಕೇಳಿ ಪಡೆಯಬೇಕು. ಮೊದಲ ಎರಡರಲ್ಲಿ ಬಹಳಷ್ಟು ನಮ್ಮ ಕೈಯಲ್ಲೇ ಇದೆ. ಅದೂ ನೋವು ಬರುವ ಮೊದಲು.

ನಮ್ಮ ಮನೆಯಲ್ಲಿ ತಯಾರಿ ಬಸುರಿಗೂ ಮುಂಚೆಯೇ ಶುರುವಾಗಿತ್ತು. ಅದು ತಮ್ಮನ ಹೆಂಡತಿಯ ಜಾಣತನ. ಮಗು ಬೇಕು ಎಂದು ತೀರ್ಮಾನಿಸಿದಾಗಲೇ ಬಿಪಿ ಮಾತ್ರೆಯ ಹಾಳೆ ಹಿಡಿದು ವೈದ್ಯೆಯ ಹತ್ತಿರ ಹೋದಳು. ಅವಳು ನುಂಗುತ್ತಿದ್ದದ್ದು ಟೆಲ್ಮಿಸಾರ್ಟಾನ್. ಬಿಪಿ ಇರುವ ಎಷ್ಟೋ ಮಂದಿ ದಿನಾ ತೆಗೆದುಕೊಳ್ಳುವ ಮಾತ್ರೆ. ಅದು ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೆ ಹಾನಿ ಮಾಡಬಲ್ಲದು. ವೈದ್ಯೆ ಮಾತ್ರೆ ಬದಲಿಸಿದರು, ಫೋಲಿಕ್ ಆಸಿಡ್ ಶುರು ಮಾಡಿಸಿದರು. ಮೂರು ತಿಂಗಳು ತುಂಬುತ್ತಿದ್ದಂತೆ ದಿನಕ್ಕೊಂದು ಕಡಿಮೆ ಪ್ರಮಾಣದ ಆಸ್ಪಿರಿನ್ ಸೇರಿಸಿದರು. ಬಸುರಿಯಲ್ಲಿ ಬಿಪಿ ಏರಿ ಫಿಟ್ಸ್‌ವರೆಗೂ ಹೋಗಬಲ್ಲ ಗರ್ಭನಂಜು ಬರುವ ಸಾಧ್ಯತೆಯನ್ನು ಅದು ತಗ್ಗಿಸುತ್ತದೆ, ಆದರೆ ತಡವಾಗಿ ಶುರು ಮಾಡಿದರೆ ಅಷ್ಟು ಫಲವಿಲ್ಲ. ಬಿಪಿ, ಶುಗರ್, ಮೂರ್ಛೆರೋಗಕ್ಕೆ ಮಾತ್ರೆ ನುಂಗುವವರು ಬಸುರಿಯಾದ ಮೇಲೆ ಹೆದರಿ ತಾವಾಗಿ ನಿಲ್ಲಿಸುವುದೂ ಉಂಟು. ಅದು ಇನ್ನೂ ಕೆಟ್ಟದ್ದು. ಮಾತ್ರೆ ಬದಲಾಗಬೇಕಾದರೆ ವೈದ್ಯರೇ ಬದಲಿಸಬೇಕು, ಮೊದಲೇ ಬದಲಿಸಬೇಕು.

ಆಮೇಲೆ ಬಂತು ತವರಿನ ಪ್ರಶ್ನೆ.

ಚೊಚ್ಚಲ ಹೆರಿಗೆ ತವರಿನದು ಎಂಬುದು ನಮ್ಮಲ್ಲಿ ಪ್ರಶ್ನೆಯೇ ಅಲ್ಲ. ಸೀಮಂತ ಮುಗಿಸಿ, ಮಡಿಲು ತುಂಬಿ, ದಿನ ನೋಡಿ ಕಳಿಸಿಕೊಡುತ್ತೇವೆ. ಆ ಪದ್ಧತಿಯ ಮೇಲೆ ನನಗೆ ಬಹಳ ಗೌರವವಿದೆ. ಹೆರುವ ಹೆಣ್ಣಿಗೆ ಅವಳ ಅಮ್ಮನ ಕೈ ಸಿಗಲಿ ಎಂದು ಹಿರಿಯರು ಮಾಡಿದ ಏರ್ಪಾಡು ಅದು. ಆದರೆ ಕೆಂಪು ಸ್ಟಿಕ್ಕರಿನ ಬಸುರಿಯ ಮಟ್ಟಿಗೆ ಅದೇ ದೊಡ್ಡ ಅಪಾಯವಾಗಬಹುದು. ಆರೇಳು ತಿಂಗಳು ಅವಳನ್ನು ನೋಡಿದ ವೈದ್ಯರು ಒಂದೂರಿನಲ್ಲಿ, ಹೆರಿಗೆ ಇನ್ನೊಂದೂರಿನಲ್ಲಿ. ಸ್ಕ್ಯಾನಿಂಗ್ ರಿಪೋರ್ಟ್ ಗಂಡನ ಮನೆಯ ಬೀರುವಿನಲ್ಲಿ. ಹೊಸ ಆಶಾ ಕಾರ್ಯಕರ್ತೆಗೆ ಇವಳು ಬಂದಿರುವುದೇ ಗೊತ್ತಿಲ್ಲ. ಅಪಾಯ ಹೆಚ್ಚುವ ಕೊನೆಯ ಮೂರು ತಿಂಗಳಲ್ಲೇ ನಾವು ಅವಳನ್ನು ಗೊತ್ತಿರುವ ಕೈಗಳಿಂದ ಬಿಡಿಸಿ ಗೊತ್ತಿಲ್ಲದ ಕೈಗಳಿಗೆ ಒಪ್ಪಿಸುತ್ತೇವೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅವಳ ತವರು ಘಟ್ಟದ ಕೆಳಗೆ, ಕುಂದಾಪುರದ ಕಡೆ. ಆ ಕಡೆ ಆಸ್ಪತ್ರೆಗಳಿಗೇನೂ ಕೊರತೆಯಿಲ್ಲ. ಆದರೆ ಅವಳನ್ನು ನೋಡುತ್ತಿದ್ದ ವೈದ್ಯೆ ಇದ್ದದ್ದು ಶಿವಮೊಗ್ಗದಲ್ಲಿ. ವೈದ್ಯೆ ಕೊಟ್ಟ ದಿನ ಜುಲೈ ಕೊನೆ. ಜುಲೈನಲ್ಲಿ ಆಗುಂಬೆ ಘಾಟಿ ಯಾವಾಗ ಕುಸಿಯುತ್ತದೆ, ಯಾವಾಗ ಮರ ಬಿದ್ದು ರಸ್ತೆ ಬಂದ್ ಆಗುತ್ತದೆ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯೇ ಮುಚ್ಚಿಹೋದದ್ದು ಮಲೆನಾಡು, ಕರಾವಳಿಯವರು ಯಾರೂ ಮರೆತಿಲ್ಲ. ಹಾಗಾಗಿ ಸೀಮಂತದ ಊಟ ಮುಗಿದು ಎಲೆ ಎತ್ತಿದ ಮೇಲೆ, ಎರಡೂ ಮನೆಯ ಹಿರಿಯರನ್ನು ಜಗಲಿಯಲ್ಲಿ ಕೂರಿಸಿ, ಹೆರಿಗೆ ಶಿವಮೊಗ್ಗದಲ್ಲೇ ಆಗಲಿ ಎಂದು ಮಾತಾಡಿದೆವು. ಬೀಗಿತ್ತಿಯ ಕಣ್ಣಲ್ಲಿ ನೀರು ಬಂತು. ಮಗಳ ಬಾಣಂತನ ಮಾಡುವ ಭಾಗ್ಯ ತಪ್ಪಿತಲ್ಲ ಎಂದರು. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು: "ಅವಳು ತವರಿಗೆ ಬರೋದು ಬೇಡ, ತವರೇ ಅವಳ ಹತ್ರ ಬರ್ತದೆ." ಜೂನ್ ಕೊನೆಗೆ ಶಿವಮೊಗ್ಗದಲ್ಲಿರುವ ನಮ್ಮ ಚಿಕ್ಕಪ್ಪನ ಮನೆಗೆ ತಾಯಿ ಮಗಳಿಬ್ಬರೂ ಬಂದರು. ಅಲ್ಲಿಂದ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ.

ತಮ್ಮ ಒಂದು ಹಾಳೆ ಬರೆದು ಆ ಮನೆಯ ಬೀರುವಿನ ಬಾಗಿಲಿಗೆ ಅಂಟಿಸಿದ. ಮೇಲೆ ಅವಳ ರಕ್ತದ ಗುಂಪು, ಅದೇ ಗುಂಪಿನ ಇಬ್ಬರು ಗೆಳೆಯರ ನಂಬರ್. ಆಮೇಲೆ 108. ಆಮೇಲೆ ಕಾರಿರುವ ಪಕ್ಕದ ಮನೆಯವರ ನಂಬರ್. ಕೆಳಗೆ ಕೆಂಪು ಶಾಯಿಯಲ್ಲಿ: 'ಬಿಪಿ 140/90 ದಾಟಿದರೆ ಡಾಕ್ಟರಿಗೆ ಫೋನ್. 160/110 ಆದರೆ ಫೋನ್ ಮಾಡುತ್ತಾ ಕೂರಬೇಡಿ, ಹೊರಡಿ.' ಕೊನೆಯ ಸಾಲು ನನಗೆ ಬಹಳ ಹಿಡಿಸಿತು: 'ಯಾರನ್ನೂ ಕೇಳಬೇಕಿಲ್ಲ.' ಗಂಡ ಊರಲ್ಲಿಲ್ಲ, ಮಾವ ತೋಟಕ್ಕೆ ಹೋಗಿದ್ದಾರೆ ಎಂದು ಕಾದು ಕಾದು ಹೊತ್ತು ಮೀರಿದ ಮನೆಗಳನ್ನು ನಾನು ಕಂಡಿದ್ದೇನೆ.

ಗರ್ಭನಂಜಿನ ಕಷ್ಟ ಏನೆಂದರೆ, ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಕಾಲು ಊದಿದರೆ 'ಬಸುರಿಗೆ ನೀರು ಇಳಿಯೋದು ಸಹಜ' ಎನ್ನುತ್ತೇವೆ. ಕಾಲಿನ ಊತ ಹೆಚ್ಚಿನವರಲ್ಲಿ ಸಹಜವೇ. ಆದರೆ ಮುಖ, ಕೈ ಊದಿಕೊಂಡರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ನೋವು ಹಿಡಿದರೆ ಅದನ್ನು ಪಿತ್ತ, ಗ್ಯಾಸ್ಟ್ರಿಕ್ ಎಂದು ಕಷಾಯ ಕುಡಿಸಿ ಮಲಗಿಸಬಾರದು. ಮಗುವಿನ ಓಡಾಟ ಕಡಿಮೆ ಅನ್ನಿಸಿದರೂ ಅಷ್ಟೇ. ಯಾವ ತಿಂಗಳಲ್ಲೇ ಆಗಲಿ ರಕ್ತ ಕಂಡರೂ ಅಷ್ಟೇ.

ರಕ್ತಹೀನತೆಯ ವಿಷಯವನ್ನು ಎಲ್ಲರೂ ಹೇಳುತ್ತಾರೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಎಚ್‌ಬಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ. ಅಂಥವಳಿಗೆ ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ಕಬ್ಬಿಣದ ಮಾತ್ರೆಯಿಂದ ಮಗು ಕಪ್ಪಾಗುವುದಿಲ್ಲ, ಕಪ್ಪಾಗುವುದು ಮಲ ಮಾತ್ರ. ಆ ಮಾತ್ರೆಯನ್ನು ಕಾಫಿ, ಟೀ ಜೊತೆಗಾಗಲಿ ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ ನುಂಗಬಾರದು, ನಿಂಬೆ ಪಾನಕದ ಜೊತೆ ಒಳ್ಳೆಯದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಅದು ಹಕ್ಕು, ಯಾರೂ ಸಂಕೋಚಪಡಬೇಕಿಲ್ಲ.

ಇವೆಲ್ಲದರ ನಡುವೆ ನಾವು ಮರೆಯುವುದು ಅವಳ ಮನಸ್ಸನ್ನು. ಆ ತಿಂಗಳುಗಳಲ್ಲಿ ಬಂದುಹೋದವರೆಲ್ಲ ನನ್ನ ತಮ್ಮನ ಹೆಂಡತಿಗೆ "ಏನೂ ಆಗಲ್ಲ ಬಿಡು" ಎನ್ನುತ್ತಿದ್ದರು. ಒಂದು ದಿನ ಅವಳು ನನ್ನ ಹತ್ತಿರ ಹೇಳಿದಳು: "ಅತ್ತಿಗೆ, ಏನೂ ಆಗಲ್ಲ ಅಂತ ಎಲ್ರೂ ಹೇಳ್ತಾರೆ. ನಂಗೆ ಹೆದರಿಕೆ ಆಗ್ತಿದೆ ಅಂತ ಹೇಳೋಕೆ ಯಾರೂ ಬಿಡಲ್ಲ." ಅವತ್ತಿನಿಂದ ನಾನು ಆ ಮಾತು ಬಿಟ್ಟೆ. ದಿನಾ ಸಂಜೆ ಫೋನ್ ಮಾಡಿ "ಇವತ್ತು ಹೇಗಿದ್ದೆ?" ಎಂದಷ್ಟೇ ಕೇಳಿ, ಅವಳು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದೆ. ಅತ್ತರೆ ಅಳಲು ಬಿಡುತ್ತಿದ್ದೆ.

ಮೂವತ್ತಾರನೇ ವಾರ, ರಾತ್ರಿ ಹನ್ನೊಂದರ ಸುಮಾರಿಗೆ ಬಿಪಿ ಏರಿತು. ಬೀಗಿತ್ತಿ ಹಾಳೆ ನೋಡಿದರು, ಯಾರನ್ನೂ ಕೇಳಲಿಲ್ಲ, ಹೊರಟರು. ಬೆಳಗಿನ ಜಾವ ಸಿಸೇರಿಯನ್ ಆಗಿ ಎರಡು ಕೆಜಿಯ ಹೆಣ್ಣುಮಗು ಹುಟ್ಟಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಮುಗಿದಿರಲಿಲ್ಲ. ನಾಲ್ಕನೇ ದಿನ ಬಿಪಿ ಮತ್ತೆ ಏರಿತು. ಹೆರಿಗೆಯಾದ ಮೂರರಿಂದ ಆರು ದಿನಗಳ ನಡುವೆ ಹೀಗೆ ಏರುವುದುಂಟು, ಬಾಣಂತಿಗೆ ಫಿಟ್ಸ್ ಬರುವುದೂ ಉಂಟು ಎಂದು ವೈದ್ಯೆ ವಿವರಿಸಿದಾಗ ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಅಮ್ಮನ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ನಮ್ಮಕ್ಕಂಗೆ ಆಗಿದ್ದು ಇದೇನಾ?" ಎಂದು ಕೇಳಿದಳು. ಅಷ್ಟು ವರ್ಷ ಅವಳು ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಅದು. ಆಮೇಲಿನ ಆರು ವಾರ, ಬಾಣಂತಿಗೆ ನೀರು ಕೊಡಬಾರದು ಎಂದವರ ಬಾಯಿ ಮುಚ್ಚಿಸಿ, ದಿನಕ್ಕೆರಡು ಸಲ ಬಿಪಿ ಪಟ್ಟಿ ಸುತ್ತಿಸಿ, ಅಂಕಿಗಳನ್ನು ತನ್ನ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟವಳು ಅಮ್ಮನೇ.

ನಿಮ್ಮ ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಇವತ್ತು ಸಂಜೆ ಅವಳ ತಾಯಿ ಕಾರ್ಡ್ ತೆಗೆದು ಅವಳ ಜೊತೆ ಕೂತು ಓದಿ. ಕೆಂಪು ಸ್ಟಿಕ್ಕರ್ ಇದ್ದರೆ ಯಾವ ಆಸ್ಪತ್ರೆ, ಯಾವ ಗಾಡಿ, ಯಾರ ರಕ್ತ, ತವರಿನಲ್ಲೋ ಇಲ್ಲಿಯೋ ಎಂಬುದನ್ನು ಈ ವಾರವೇ ಮಾತಾಡಿ ಮುಗಿಸಿ. ಮುಂದಿನ 9ನೇ ತಾರೀಖು ಅವಳೊಬ್ಬಳನ್ನೇ ಕಳಿಸಬೇಡಿ, ಗಂಡನಾದವನು ಜೊತೆಗೆ ಹೋಗಲಿ.