ಬಿಷಪರಿಲ್ಲದ ಸಭೆ ನಡೆಯುವುದು ಹೇಗೆ?

ನಮ್ಮ ವಿಚಾರಣೆಗೆ ಹೊಸ ಧರ್ಮಗುರುಗಳು ಬರುವುದು ಬಿಷಪರ ನೇಮಕದಿಂದ. ಸ್ಕಾಟ್‌ಲ್ಯಾಂಡಿನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ ಹಾಗೆ ನೇಮಿಸಲು ಬಿಷಪರೇ ಇಲ್ಲ. ಸಭೆಯ ಸದಸ್ಯರೇ ಸಭಾಪಾಲಕರನ್ನು ಆರಿಸಿ ಕರೆಯುತ್ತಾರೆ. ಆ ಕರೆಗೆ ಪ್ರೆಸ್ಬಿಟರಿಯ ಒಪ್ಪಿಗೆ ಬೇಕು.

'ಪ್ರೆಸ್ಬಿಟರ್' ಎಂದರೆ ಗ್ರೀಕಿನಲ್ಲಿ ಹಿರಿಯ. ಪ್ರತಿ ಚರ್ಚಿನಲ್ಲಿ ಸಭಾಪಾಲಕರೂ ಹಿರಿಯರೂ ಸೇರಿದ ಕೂಟಕ್ಕೆ 'ಕರ್ಕ್ ಸೆಷನ್' ಎನ್ನುತ್ತಾರೆ. ಇದು ನಮ್ಮ ಪಾಲನಾ ಮಂಡಳಿಯಂತೆ ಎಂದು ತಿಳಿಯಬಾರದು. ಪಾಲನಾ ಮಂಡಳಿ ಸಲಹೆ ಕೊಡುತ್ತದೆ. ಸೆಷನ್ ತೀರ್ಮಾನವನ್ನೇ ಮಾಡುತ್ತದೆ. ಅದರ ಮೇಲೆ ಪ್ರದೇಶಕ್ಕೊಂದು ಪ್ರೆಸ್ಬಿಟರಿ. ದೀಕ್ಷೆ, ಮೇಲ್ವಿಚಾರಣೆ ಮುಂತಾಗಿ ನಮ್ಮಲ್ಲಿ ಬಿಷಪರು ಮಾಡುವ ಕೆಲಸವನ್ನು ಅಲ್ಲಿ ಕೂಟವೇ ಮಾಡುತ್ತದೆ. ಎಲ್ಲಕ್ಕೂ ಮೇಲೆ ಎಡಿನ್‌ಬರೋದಲ್ಲಿ ಮೇ ತಿಂಗಳಲ್ಲಿ ಸೇರುವ ಮಹಾಸಭೆ. ಅದರ ಅಧ್ಯಕ್ಷರಾದ ಮಾಡರೇಟರರ ಅವಧಿ ಒಂದೇ ವರ್ಷ. 2004ರಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಆಲಿಸನ್ ಎಲಿಯಟ್ ಸಭಾಪಾಲಕಿಯಲ್ಲ, ಹಿರಿಯರು.

ಇದಕ್ಕಾಗಿ ತೆತ್ತ ಬೆಲೆ ದೊಡ್ಡದು. 1712ರ ಕಾನೂನು ಸಭಾಪಾಲಕರನ್ನು ಸೂಚಿಸುವ ಹಕ್ಕನ್ನು ಜಮೀನ್ದಾರರಿಗೆ ಕೊಟ್ಟಿತ್ತು. 1834ರಲ್ಲಿ ಆಖ್ಟರಾರ್ಡರ್ ಊರಿಗೆ ಹೀಗೆ ಸೂಚಿತರಾದವರ ಪರ ಸಹಿ ಹಾಕಿದ ಸದಸ್ಯರು ಇಬ್ಬರೇ! ಉಳಿದವರಲ್ಲಿ ಬಹುಪಾಲು ಮನೆಯವರು ಬೇಡವೆಂದರು. ಆದರೂ ನ್ಯಾಯಾಲಯ ಜಮೀನ್ದಾರರ ಪರವಾಗಿ ತೀರ್ಪಿತ್ತಿತು. ಕೊನೆಗೆ 1843ರಲ್ಲಿ 450ಕ್ಕೂ ಹೆಚ್ಚು ಸಭಾಪಾಲಕರು, ಎಂದರೆ ಸುಮಾರು ಮೂರರಲ್ಲಿ ಒಂದು ಪಾಲು, ಸಂಬಳ, ಮನೆ, ಚರ್ಚ್ ಎಲ್ಲವನ್ನೂ ಬಿಟ್ಟು ಹೊರನಡೆದರು. ಥಾಮಸ್ ಚಾಮರ್ಸ್ ಅವರ ಮುಂದಾಳತ್ವದಲ್ಲಿ 'ಫ್ರೀ ಚರ್ಚ್' ಹುಟ್ಟಿತು. ಚರ್ಚ್ ಕಟ್ಟಲು ಕೆಲವು ಜಮೀನ್ದಾರರು ಜಾಗ ಕೊಡಲಿಲ್ಲ. ಸ್ಟ್ರಾಂಶಿಯನ್ ಎಂಬಲ್ಲಿಯ ಜನ 1846ರಲ್ಲಿ ಲಂಗರು ಹಾಕಿದ ತೇಲುವ ಚರ್ಚಿನಲ್ಲೇ ಆರಾಧನೆ ನಡೆಸಿದರು. ಕಡಲ ಮಕ್ಕಳಾದ ನಮಗೆ ಇದನ್ನು ಊಹಿಸುವುದು ಕಷ್ಟವಲ್ಲ.

ಜಮೀನ್ದಾರರ ಆ ಹಕ್ಕು 1874ರಲ್ಲಿ ರದ್ದಾಯಿತು. ಒಡೆದವರಲ್ಲಿ ಹೆಚ್ಚಿನವರು 1929ರಲ್ಲಿ ಒಂದಾದರು. ಕೂಟಗಳಲ್ಲಿ ತೀರ್ಮಾನ ನಿಧಾನ, ವಾದವೂ ಬಹಳ ಎಂಬ ದೂರು ಇದ್ದೇ ಇದೆ. ಭಾರತದಲ್ಲಿ 1947ರಲ್ಲಿ ಸಿ.ಎಸ್.ಐ. ಸೇರಿದ ಪ್ರೆಸ್ಬಿಟೇರಿಯನ್ ಮೂಲದವರಂತೂ ಬಿಷಪರನ್ನು ಒಪ್ಪಿಕೊಂಡರು.

ಮಹಾಸಭೆಗೆ ಬ್ರಿಟನ್ ರಾಜರ ಪ್ರತಿನಿಧಿಯೂ ಬರುತ್ತಾರೆ. ಆದರೆ ಅವರ ಆಸನ ಸಭಾಂಗಣದ ಹೊರಗಿನ ಗ್ಯಾಲರಿಯಲ್ಲಿ, ಮತದಾನದ ಹಕ್ಕಿಲ್ಲ. ಆ ಹುದ್ದೆ ಕಥೊಲಿಕರಿಗೆ ನಿಷಿದ್ಧವಾಗಿತ್ತು. 2025ರಲ್ಲಿ ಕಾನೂನು ಬದಲಾಯಿತು, ಅದೇ ಮೇ ತಿಂಗಳಲ್ಲಿ ಕಥೊಲಿಕರಾದ ಎಲಿಶ್ ಆ್ಯಂಜಿಯೊಲೀನಿ ಆ ಆಸನದಲ್ಲಿ ಕುಳಿತರು.