ಭಯೋತ್ಪಾದನೆ ಕಾನೂನು ಮತ್ತು ಹುನಗುಂದದ ಟ್ರಸ್ಟು

“ಭಯೋತ್ಪಾದನೆ ಕಾನೂನಿಗೂ ನಮ್ಮ ಟ್ರಸ್ಟಿಗೂ ಏನ್ ಸಂಬಂಧ ರೀ?” ಹುನಗುಂದ, ಇಳಕಲ್ಲಿನ ಖಜಾಂಚಿಗಳು ಹೀಗೆ ಕೇಳಿದರೆ ಆಶ್ಚರ್ಯವಿಲ್ಲ. ಅಂಥ ಕಾನೂನು ಬಂದರೆ ಪೊಲೀಸ್ ಜೀಪಿನಲ್ಲೇ ಬರಬೇಕು ಎಂಬ ನಂಬಿಕೆ ನಮ್ಮದು. ಆದರೆ ಅದು ಆಗಲೇ ಬ್ಯಾಂಕಿನ ಕೌಂಟರಿಗೆ ಬಂದು ಕೂತಿದೆ.

2001ರ ಸೆಪ್ಟೆಂಬರ್ ದಾಳಿಯ ಬಳಿಕ ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಕಾರ್ಯಪಡೆ, ಉಗ್ರರ ಹಣ ದಾನಧರ್ಮದ ಸಂಸ್ಥೆಗಳ ಮೂಲಕ ಸಾಗೀತು ಎಂದು ದೇಶಗಳನ್ನು ಎಚ್ಚರಿಸಿತು. ಭಾರತ 2010ರಲ್ಲಿ ಅದರ ಸದಸ್ಯವಾಯಿತು. 2023ರ ಮಾರ್ಚ್‌ನಲ್ಲಿ ಅಕ್ರಮ ಹಣ ವರ್ಗಾವಣೆ ತಡೆಯುವ ನಿಯಮಗಳಿಗೆ ತಿದ್ದುಪಡಿಯಾಗಿ, ಧಾರ್ಮಿಕ ಅಥವಾ ಧರ್ಮಾರ್ಥ ಉದ್ದೇಶದ ಟ್ರಸ್ಟು, ಸೊಸೈಟಿಗಳ ವಿವರವನ್ನು ನೀತಿ ಆಯೋಗದ ‘ದರ್ಪಣ’ ಪೋರ್ಟಲಿನಲ್ಲಿ ದಾಖಲಿಸುವ ಹೊಣೆ ಬ್ಯಾಂಕುಗಳ ಮೇಲೆ ಬಿತ್ತು. ಇವುಗಳಿಗೆ ಬರುವ 10 ಲಕ್ಷ ರೂಪಾಯಿ ಮೀರಿದ ಜಮೆಯ ಸುದ್ದಿ ಹಣಕಾಸು ಗುಪ್ತಚರ ಘಟಕಕ್ಕೆ ಹೋಗುತ್ತದೆ. ಯಾರ ಮೇಲೂ ಸಂಶಯ ಇರಬೇಕಿಲ್ಲ. ವಿಚಿತ್ರವೆಂದರೆ, ಎಲ್ಲ ಸಂಸ್ಥೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಅಪಾಯ ಇರುವ ಕಡೆ ಮಾತ್ರ ನಿಗಾ ಇಡಿ ಎಂದು ಎಫ್‌ಎಟಿಎಫ್ ತಾನೇ 2016ರಲ್ಲಿ ಧಾಟಿ ಬದಲಿಸಿತ್ತು.  

“ಅಮೆರಿಕದಿಂದ ಬಂದರೆ ವಿದೇಶಿ ದೇಣಿಗೆ” ಎಂಬುದು ಇನ್ನೊಂದು ನಂಬಿಕೆ. ಕಾನೂನು ನೋಡುವುದು ಕೊಟ್ಟವರ ಪಾಸ್‌ಪೋರ್ಟನ್ನು. ಅಲ್ಲಿ ದುಡಿಯುವ ಊರಿನ ಹುಡುಗ ಇನ್ನೂ ಭಾರತದ ಪ್ರಜೆಯಾಗಿದ್ದರೆ, ಅವನು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವನು ಕೂಡಲಸಂಗಮಕ್ಕೆ ಬಂದು ಇಲ್ಲಿನ ಟ್ರಸ್ಟಿಗೆ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಬೇಕು. ಈ ಕಾಯ್ದೆ ಹುಟ್ಟಿದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಹೊತ್ತಿಗೆ. ಆಗಿನ ಚಿಂತೆ ರಾಜಕೀಯಕ್ಕೆ ಬರುವ ಹೊರಗಿನ ಹಣ. ಸಣ್ಣ ಸಂಸ್ಥೆಗಳಿಗೆ ದೊಡ್ಡ ಪೆಟ್ಟು ಕೊಟ್ಟದ್ದು 2020ರ ತಿದ್ದುಪಡಿ ಎಂದೇ ನನ್ನ ಎಣಿಕೆ. ಬೆಂಗಳೂರಿನ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ತಾಲೂಕಿನ ಸಂಸ್ಥೆಗೆ ಹಂಚುವ ದಾರಿಯನ್ನೇ ಅದು ಮುಚ್ಚಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಧರಣಿ ಕೂತರೆ ಎಫ್‌ಸಿಆರ್‌ಎ ಅನುಮತಿ ಹೋಗುತ್ತದೆಯೇ? ಕೃಷ್ಣೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಪಕ್ಷ ರಾಜಕಾರಣದ ಗುರಿಯಿಲ್ಲದೆ ಜನರ ಹಕ್ಕಿಗಾಗಿ ಬಂದ್, ರಸ್ತೆ ತಡೆ ನಡೆಸಿದ ಮಾತ್ರಕ್ಕೆ ವಿದೇಶಿ ದೇಣಿಗೆ ತಡೆಯಲಾಗದು ಎಂದು 2020ರ ಮಾರ್ಚ್‌ನಲ್ಲಿ ಅದೇ ಕೋರ್ಟ್ ಹೇಳಿದೆ.

ನಿಷೇಧವಾದರಷ್ಟೇ ಸಂಸ್ಥೆ ಮುಚ್ಚುತ್ತದೆ ಎಂಬುದೂ ಸುಳ್ಳು. ಬೆಂಗಳೂರಿನಲ್ಲಿದ್ದ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಡಿಯಾವನ್ನು ಯಾರೂ ನಿಷೇಧಿಸಲಿಲ್ಲ. ಬ್ಯಾಂಕ್ ಖಾತೆಗಳು ಸ್ತಂಭಿಸಿದವು. 2020ರ ಸೆಪ್ಟೆಂಬರ್ 29ರಂದು ಸಂಸ್ಥೆ ಕೆಲಸ ನಿಲ್ಲಿಸಿತು. ಅದು ಎಫ್‌ಸಿಆರ್‌ಎ ತಪ್ಪಿಸಿ ಹಣ ತಂದಿತು ಎಂಬುದು ಕೇಂದ್ರ ಸರ್ಕಾರದ ಆರೋಪ.

ಇನ್ನು ಭಯೋತ್ಪಾದನೆ ಕಾನೂನಾದ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಅಡಿ ಬಂಧನವಾದರೆ ಅಪರಾಧ ಸಾಬೀತಾದಂತೆಯೇ ಎಂದು ಊರು ಮಾತಾಡಿಕೊಳ್ಳುತ್ತದೆ. ಆದರೆ ಆ ಕಾಯ್ದೆಯಡಿ ಆರೋಪಪಟ್ಟಿ ಸಲ್ಲಿಕೆಗೇ 180 ದಿನಗಳವರೆಗೆ ಅವಕಾಶವಿದೆ. ಆರೋಪ ಮೇಲ್ನೋಟಕ್ಕೆ ನಿಜವೆಂದು ನ್ಯಾಯಾಧೀಶರಿಗೆ ತೋರಿದರೆ ಜಾಮೀನೂ ಇಲ್ಲ. ವಿಚಾರಣೆ ಶುರುವಾಗುವುದು ಆಮೇಲೆ.